ಡ್ರೋನ್ ಹಾರಿಸುವಾಗ ನೆರೆಯವರು ಜಗಳಕ್ಕೆ ಬಂದರೆ, ಪೊಲೀಸರು ಬಂದರೆ

ನನ್ನ ಮೇಲೆ ಮೊದಲ ದೂರು ಬಂದ ದಿನ ಡ್ರೋನ್ ಆ ಮನೆಯ ಮೇಲೆ ಹಾರಿಯೇ ಇರಲಿಲ್ಲ. ರಸ್ತೆಯಾಚೆಯ ಖಾಲಿ ಜಾಗದ ಮೇಲೆ, ಸುಮಾರು ಅರವತ್ತು ಮೀಟರ್ ಎತ್ತರದಲ್ಲಿ, ಮೋಡದ ಕಡೆಗೆ ಕ್ಯಾಮೆರಾ ತಿರುಗಿಸಿಕೊಂಡು ನಿಂತಿತ್ತು. ಬಟ್ಟೆ ಒಣಹಾಕಲು ಮಹಡಿಗೆ ಬಂದ ಮಹಿಳೆಯೊಬ್ಬರು ಅದನ್ನು ಕಂಡವರೇ ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದರಂತೆ. ನಾನು ಅದನ್ನು ನೋಡಲಿಲ್ಲ. ಪರದೆಯ ಮೇಲೆ ಬಿಸಿಲು ಬೀಳದಿರಲೆಂದು ಗೋಡೆಯ ನೆರಳಿಗೆ ಆತುಕೊಂಡು ಕುಳಿತಿದ್ದೆ. ಹತ್ತು ನಿಮಿಷದ ಮೇಲೆ ಅವರು ತಮ್ಮನನ್ನು ಕರೆದುಕೊಂಡು ಬಂದರು. ಏನು ಚಿತ್ರ ತೆಗೆಯುತ್ತಿದ್ದೀರಿ ಎಂದು ಆತ ಕೇಳಲಿಲ್ಲ. “ಇಲ್ಲಿ ಬಚ್ಚಿಟ್ಟುಕೊಂಡು ಏನು ಮಾಡುತ್ತಿದ್ದೀರಿ?” ಎಂದು ಕೇಳಿದ.

ಅಂದಿನಿಂದ ಹತ್ತಾರು ಸಲ ಇಂಥ ಮಾತುಕತೆ ನಡೆಸಿದ್ದೇನೆ, ಎರಡು ಸಲ ಪೊಲೀಸರೊಂದಿಗೂ. ಪ್ರತಿ ಸಲವೂ ಗಲಾಟೆಯ ಬೇರು ಒಂದೇ ಕಡೆ ಸಿಕ್ಕಿದೆ: ಯಂತ್ರ ಕಾಣುತ್ತದೆ, ಯಂತ್ರದ ಒಡೆಯ ಕಾಣುವುದಿಲ್ಲ. ಕಿಟಕಿಯ ಮುಂದೆ ಬಂದು ನಿಂತ ಮನುಷ್ಯನನ್ನು ಯಾರಪ್ಪಾ ನೀನು ಎಂದು ಕೇಳಬಹುದು. ಮೇಲೆ ಗುಂಯ್‌ಗುಡುವ ನಾಲ್ಕು ರೆಕ್ಕೆಯ ವಸ್ತುವನ್ನು ಕೇಳುವುದು ಹೇಗೆ? ಕೆಳಗೆ ಹೇಳುವುದೆಲ್ಲ, ಕಾಗದಪತ್ರದಿಂದ ಹಿಡಿದು ಠಾಣೆಯ ಮಾತಿನವರೆಗೆ, ಹಾರಿಸುವವನು ಹೇಗೆ ಕಣ್ಣಿಗೆ ಬೀಳಬೇಕು ಎಂಬುದರ ವಿವರ.

ದೂರಿನ ಒಳಗೆ ಇರುವುದೇನು

“ನಮ್ಮ ಮನೆಯ ಮೇಲೆ ಹಾರಿಸಬೇಡಿ” ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಮೂರು ತಕರಾರುಗಳಿರುತ್ತವೆ: ನಮ್ಮನ್ನು ನೋಡುತ್ತಿದ್ದೀರಿ, ಸದ್ದು ತಡೆಯಲಾಗುತ್ತಿಲ್ಲ, ತಲೆಯ ಮೇಲೆ ಬಿದ್ದರೆ ಗತಿಯೇನು. ಎದುರಿಗಿರುವವರದು ಯಾವ ತಕರಾರು ಎಂದು ತಿಳಿಯದೆ ಉತ್ತರ ಕೊಟ್ಟರೆ ಮಾತು ಹಳಿ ತಪ್ಪುತ್ತದೆ. ಸದ್ದಿಗೆ ಬೇಸತ್ತವರಿಗೆ ಕ್ಯಾಮೆರಾ ಅತ್ತ ಕಡೆ ತಿರುಗಿತ್ತು ಎಂದು ಹೇಳಿ ಪ್ರಯೋಜನವಿಲ್ಲ.

ಕ್ಯಾಮೆರಾದ ವಿಷಯದಲ್ಲಿ ನಿಮ್ಮ ಯಂತ್ರಕ್ಕೆ ಎಷ್ಟು ಕಾಣುತ್ತದೆ ಎಂಬುದನ್ನು ನೀವು ಲೆಕ್ಕ ಸಮೇತ ತಿಳಿದಿರಬೇಕು. ಬಹಳಷ್ಟು ಹವ್ಯಾಸಿ ಡ್ರೋನ್‌ಗಳಲ್ಲಿರುವುದು 24 ಮಿಲಿಮೀಟರಿಗೆ ಸಮನಾದ ಅಗಲ ನೋಟದ ಮಸೂರ. ಅದರ ಚೌಕಟ್ಟಿನ ಅಗಲ, ದೂರದ ಒಂದೂವರೆ ಪಟ್ಟು. ಅರವತ್ತು ಮೀಟರ್ ದೂರದಿಂದ ತೊಂಬತ್ತು ಮೀಟರ್ ಅಗಲದ ದೃಶ್ಯ ಚೌಕಟ್ಟಿನೊಳಗೆ ಬರುತ್ತದೆ. 4ಕೆ ವಿಡಿಯೊದಲ್ಲಿ ಅಡ್ಡಕ್ಕೆ 3840 ಚುಕ್ಕಿಗಳು (ಪಿಕ್ಸೆಲ್). ಅಂದರೆ ಒಂದು ಮೀಟರಿಗೆ 43ರ ಹತ್ತಿರ. ಹದಿನೈದು ಸೆಂಟಿಮೀಟರ್ ಅಗಲದ ಮುಖಕ್ಕೆ ಆರೇಳು ಚುಕ್ಕಿ ಸಿಕ್ಕರೆ ಹೆಚ್ಚು. ಅದರಲ್ಲಿ ಮೂಗು ಯಾವುದು, ಕಿವಿ ಯಾವುದು ಎಂದು ತಿಳಿಯುವುದಿಲ್ಲ. ಅದೇ ಯಂತ್ರವನ್ನು ಹತ್ತು ಮೀಟರಿಗೆ ತಂದರೆ ಆ ಮುಖಕ್ಕೆ 38 ಚುಕ್ಕಿ ದೊರೆಯುತ್ತವೆ, ಪರಿಚಯದವರು ಗುರುತು ಹಿಡಿಯುತ್ತಾರೆ. 48 ಮೆಗಾಪಿಕ್ಸೆಲ್ ಸ್ಥಿರಚಿತ್ರ ತೆಗೆದರೆ ಈ ಸಂಖ್ಯೆಗಳು ಇಮ್ಮಡಿಯಾಗುತ್ತವೆ, ಜೂಮ್ ಮಸೂರ ಇದ್ದರೆ ಲೆಕ್ಕವೇ ಬುಡಮೇಲು. ಹಾಗಾಗಿ ‘ಇದರಲ್ಲಿ ಏನೂ ಕಾಣುವುದಿಲ್ಲ’ ಎಂದು ಬಾಯಿಪಾಠ ಒಪ್ಪಿಸಬೇಡಿ. ಅರವತ್ತು ಮೀಟರಿಗೆ ಅದು ನಿಜ, ಹತ್ತು ಮೀಟರಿಗೆ ಸುಳ್ಳು.

ಸದ್ದಿನ ತಕರಾರನ್ನು ಹವ್ಯಾಸಿಗಳು ಹಗುರವಾಗಿ ಕಾಣುತ್ತಾರೆ. ನಮಗೆ ಅದು ಸಂಗೀತ, ಉಳಿದವರಿಗೆ ಕಿವಿಯ ಪಕ್ಕದ ಸೊಳ್ಳೆ. ಗಾಳಿ ಬೀಸಿದಂತೆಲ್ಲ ಯಂತ್ರ ನೆಟ್ಟಗೆ ನಿಲ್ಲಲು ನಾಲ್ಕು ಮೋಟಾರುಗಳೂ ತಮ್ಮ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಳ್ಳುತ್ತವೆ. ಆ ಏರಿಳಿತದ ಕೀರಲಿಗೆ ಕಿವಿ ಒಗ್ಗಿಕೊಳ್ಳುವುದಿಲ್ಲ. 2017ರಲ್ಲಿ ನಾಸಾ ಸಂಶೋಧಕರು ಡ್ರೋನಿನ ಸದ್ದನ್ನೂ ರಸ್ತೆಯ ವಾಹನಗಳ ಸದ್ದನ್ನೂ ಜನರಿಗೆ ಕೇಳಿಸಿದಾಗ, ಒಂದೇ ಮಟ್ಟದ ಸದ್ದಾದರೂ ಡ್ರೋನಿನದೇ ಹೆಚ್ಚು ಕಿರಿಕಿರಿ ಎಂಬ ಉತ್ತರ ಬಂತು. ಇದಕ್ಕೆ ಮದ್ದು ದೂರ. ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಲ್ಕನಿಯಿಂದ ಮೇಲೇರಿಸುವುದನ್ನು ಬಿಟ್ಟು ಮನೆಗಳಿಂದ ನೂರು ಹೆಜ್ಜೆ ನಡೆದು ಹೋಗಿ ಏರಿಸಿದರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಒಂದೇ ಕಡೆ ತೂಗಾಡುತ್ತ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಹಾದು ಹೋಗುವ ಡ್ರೋನನ್ನು ಜನ ಕ್ಷಮಿಸುತ್ತಾರೆ, ನಿಂತ ಡ್ರೋನನ್ನು ಕ್ಷಮಿಸುವುದಿಲ್ಲ.

ಬೀಳುವ ಭಯವೂ ಕಲ್ಪನೆಯದಲ್ಲ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಮೂವತ್ತು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 85 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಮಕ್ಕಳು ಆಡುವ ಜಾಗದ ನೆತ್ತಿಯ ಮೇಲೆ ಹಾರಿಸುವವರಿಗೆ ನನ್ನ ಬಳಿ ಯಾವ ಸಲಹೆಯೂ ಇಲ್ಲ. ಹಾರಿಸಬೇಡಿ, ಅಷ್ಟೇ.

ಮನೆಯಿಂದ ಹೊರಡುವ ಮುನ್ನ

ಮೊದಲು ನಿಯಮ. ನೀವಿರುವ ದೇಶದ ವಿಮಾನಯಾನ ಪ್ರಾಧಿಕಾರದ ನಿಯಮವನ್ನು ನೀವೇ ಓದಿ, ಗೆಳೆಯನ ಬಾಯಿಂದ ಕೇಳಬೇಡಿ. ‘250 ಗ್ರಾಂಗಿಂತ ಹಗುರವಾಗಿದ್ದರೆ ಯಾವ ಕಾನೂನೂ ಇಲ್ಲ’ ಎಂಬ ಮಾತು ಹವ್ಯಾಸಿಗಳ ನಡುವೆ ವೇದವಾಕ್ಯದಂತೆ ಓಡಾಡುತ್ತದೆ. ಅದು ತಪ್ಪು. ಅಮೆರಿಕದಲ್ಲಿ ಮನರಂಜನೆಗೆ ಹಾರಿಸುವವರಿಗೆ ಆ ತೂಕದೊಳಗೆ ನೋಂದಣಿ ಬೇಡ, ಆದರೆ ಟ್ರಸ್ಟ್ ಎಂಬ ಸುರಕ್ಷತಾ ಪರೀಕ್ಷೆ ಬರೆದಿರಬೇಕು, ಪೊಲೀಸರು ಕೇಳಿದರೆ ಪ್ರಮಾಣಪತ್ರ ತೋರಿಸಬೇಕು. ಯುರೋಪಿನ ಒಕ್ಕೂಟದಲ್ಲಿ ಆಟಿಕೆಯಲ್ಲದ ಡ್ರೋನಿನಲ್ಲಿ ಕ್ಯಾಮೆರಾ ಇದ್ದರೆ, ತೂಕ ಎಷ್ಟೇ ಕಡಿಮೆಯಿದ್ದರೂ ಹಾರಿಸುವವರ ನೋಂದಣಿ ಕಡ್ಡಾಯ. ಬ್ರಿಟನ್ನಿನಲ್ಲಿ 2026ರ ಜನವರಿ 1ರಿಂದ 100 ಗ್ರಾಂ ತೂಗುವ ಡ್ರೋನಿಗೂ ಹಾರಾಟಗಾರರ ಗುರುತಿನ ಸಂಖ್ಯೆ ಬೇಕು. ಭಾರತದ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೂ, ವಾಣಿಜ್ಯೇತರ ಬಳಕೆಯ 2 ಕಿಲೋವರೆಗಿನ ಮೈಕ್ರೊ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಎಲ್ಲಿ ಹಾರಿಸಬಾರದು, ಎಲ್ಲಿ ಅನುಮತಿ ಬೇಕು, ಎಲ್ಲಿ ಬೇಡ ಎಂದು ತಿಳಿಸುವ ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ಎಲ್ಲರಿಗೂ ಅನ್ವಯಿಸುತ್ತದೆ. ಎತ್ತರದ ಮಿತಿಯಲ್ಲಿ ಮಾತ್ರ ಈ ದೇಶಗಳ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ, ಸಾಮಾನ್ಯವಾಗಿ ನೆಲದಿಂದ 120 ಮೀಟರ್ ಅಥವಾ 400 ಅಡಿ. ಪ್ರವಾಸಕ್ಕೆ ಒಯ್ಯುವವರು ಇನ್ನೂ ಜಾಗ್ರತೆಯಿಂದಿರಬೇಕು. ಮೊರಾಕೊದಂಥ ದೇಶಕ್ಕೆ ಅನುಮತಿಯಿಲ್ಲದೆ ತಂದ ಡ್ರೋನ್ ಸುಂಕದ ಕಟ್ಟೆಯಲ್ಲೇ ಉಳಿಯುತ್ತದೆ.

ಎರಡನೆಯದು ಜಾಗ. ಆಕಾಶದ ಅನುಮತಿ ಬೇರೆ, ಕಾಲೂರುವ ನೆಲದ ಅನುಮತಿ ಬೇರೆ. ವಿಮಾನಯಾನ ನಕ್ಷೆಯಲ್ಲಿ ಹಸಿರಾಗಿ ಕಾಣುವ ಉದ್ಯಾನದಲ್ಲಿ ಡ್ರೋನ್ ಏರಿಸುವುದನ್ನು ಸ್ಥಳೀಯ ಆಡಳಿತ ನಿಷೇಧಿಸಿರಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಹೀಗೆಯೇ ಇದೆ. ಪೊಲೀಸರು ಬಂದಾಗ ಹವ್ಯಾಸಿಗಳು ಸಿಕ್ಕಿಬೀಳುವುದು ಬಹುಪಾಲು ಇಲ್ಲೇ: ನಕ್ಷೆಯನ್ನು ನೂರು ಸಲ ನೋಡಿರುತ್ತಾರೆ, ಗೇಟಿನ ಮೇಲಿನ ಫಲಕವನ್ನು ಒಮ್ಮೆಯೂ ಓದಿರುವುದಿಲ್ಲ.

ಮೂರನೆಯದು ಒಂದು ಪ್ಲಾಸ್ಟಿಕ್ ಫೈಲು. ನೋಂದಣಿ ಪತ್ರ, ಪರೀಕ್ಷೆಯ ಪ್ರಮಾಣಪತ್ರ, ವಿಮೆಯಿದ್ದರೆ ಅದರ ಪ್ರತಿ, ಗುರುತಿನ ಚೀಟಿಯ ನಕಲು, ಅಂದಿನ ವಲಯದ ನಕ್ಷೆಯ ಮುದ್ರಿತ ಹಾಳೆ. ಎಲ್ಲವೂ ಮೊಬೈಲಿನಲ್ಲಿದೆಯಲ್ಲ ಎನ್ನುತ್ತೀರಿ. ಆ ಮೊಬೈಲೇ ರಿಮೋಟಿಗೆ ಸಿಕ್ಕಿಸಿರುವ ಪರದೆ. ಡ್ರೋನ್ ಮೇಲಿರುವಾಗ ಅದನ್ನು ಬಿಚ್ಚಿ ಕಾಗದ ತೋರಿಸಲಾಗುವುದಿಲ್ಲ. ಇಳಿಸಿದ ಮೇಲೂ, ಖಾಸಗಿ ಚಿತ್ರಗಳಿರುವ ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕಿಂತ ಹಾಳೆ ಕೊಡುವುದು ಲೇಸು. ಡ್ರೋನಿನ ಮೈಮೇಲೆ ನೋಂದಣಿ ಸಂಖ್ಯೆಯ ಜೊತೆಗೆ ಒಂದು ದೂರವಾಣಿ ಸಂಖ್ಯೆಯನ್ನೂ ಅಂಟಿಸಿ. ಕಳೆದುಹೋದ ಯಂತ್ರ ಮನೆಗೆ ಬರುವುದು ಆ ಚೀಟಿಯಿಂದ.

ನಾಲ್ಕನೆಯದನ್ನು ಯಾರೂ ಮಾಡುವುದಿಲ್ಲ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಅದೇ. ಹಾರಿಸುವ ಜಾಗದ ಸುತ್ತಲಿನ ನಾಲ್ಕಾರು ಮನೆಗಳ ಬಾಗಿಲು ತಟ್ಟಿ. “ನಾನು ಮೂರನೆಯ ಮನೆಯವನು. ನಾಳೆ ಬೆಳಿಗ್ಗೆ ಏಳರಿಂದ ಏಳೂವರೆಯವರೆಗೆ ಆ ಬಯಲಿನಲ್ಲಿ ಡ್ರೋನ್ ಹಾರಿಸುತ್ತೇನೆ. ನಿಮ್ಮ ಮನೆಯ ಮೇಲೆ ತರುವುದಿಲ್ಲ. ತೊಂದರೆಯೆನಿಸಿದರೆ ಈ ಸಂಖ್ಯೆಗೆ ಫೋನ್ ಮಾಡಿ, ತಕ್ಷಣ ಇಳಿಸುತ್ತೇನೆ.” ಇಷ್ಟು ಸಾಕು. ಅನುಮತಿ ಕೇಳುವ ಧಾಟಿ ಬೇಡ. ಕೇಳಿದರೆ ಯಾರಾದರೊಬ್ಬರು ಬೇಡವೆನ್ನುತ್ತಾರೆ, ಆಮೇಲೆ ಹಾರಿಸಿದರೆ ಮಾತು ಮೀರಿದಂತಾಗುತ್ತದೆ. ತಿಳಿಸುವ ಧಾಟಿ ಇರಲಿ, ಸಮಯದ ಮಿತಿ ಇರಲಿ. ಅರ್ಧ ಗಂಟೆ ಎಂದು ಹೇಳಿ ಇಪ್ಪತ್ತೈದು ನಿಮಿಷಕ್ಕೆ ಇಳಿಸಿದರೆ ಮುಂದಿನ ವಾರದ ದಾರಿ ಸುಗಮ.

ಹಾರಿಸುವಾಗ ಎಲ್ಲಿ ನಿಲ್ಲಬೇಕು

ಬಯಲಿನಲ್ಲಿ, ನಾಲ್ಕೂ ಕಡೆಯಿಂದ ಕಾಣುವಂತೆ. ರಸ್ತೆ ಕೆಲಸದವರು ಹಾಕುವಂಥ ಹೊಳೆಯುವ ಜಾಕೆಟ್ ಹಾಕಿಕೊಳ್ಳಿ ಎಂದು ಗೆಳೆಯರೊಬ್ಬರು ಹೇಳಿದಾಗ ನಾನು ನಕ್ಕಿದ್ದೆ. ಹಾಕಿಕೊಂಡ ಮೇಲೆ ನಗು ನಿಂತಿತು. ಅದೇ ಜಾಗ, ಅದೇ ಡ್ರೋನ್. ಹಿಂದೆ ದುರುಗುಟ್ಟಿ ನೋಡುತ್ತಿದ್ದವರು ಈಗ ಹತ್ತಿರ ಬಂದು ಯಾವ ಸರ್ವೆ ಎಂದು ಕೇಳುತ್ತಾರೆ. (ಸರ್ವೆ ಎಂದು ಸುಳ್ಳು ಹೇಳಬೇಡಿ. ಹವ್ಯಾಸ ಎಂದೇ ಹೇಳಿ.) ಬಿಸಿಲಿಗೆ ಪರದೆ ಕಾಣದಿದ್ದರೆ ಪರದೆಗೆ ಮುಚ್ಚಿಗೆ ಹಾಕಿ, ನೀವು ಮರೆಗೆ ಹೋಗಬೇಡಿ.

ಅಡಗಿ ಕುಳಿತರೂ ಈಗ ಲಾಭವಿಲ್ಲ. ಅಮೆರಿಕದಲ್ಲಿ 2023ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ರಿಮೋಟ್ ಐಡಿ ನಿಯಮದಂತೆ, ನೋಂದಣಿ ಬೇಕಾದ ಡ್ರೋನ್‌ಗಳು ಹಾರುತ್ತಿರುವಾಗಲೇ ತಮ್ಮ ಗುರುತಿನ ಸಂಖ್ಯೆ, ಇರುವ ಜಾಗ, ಹಾರಿಸುವವರು ನಿಂತ ಅಥವಾ ಏರಿಸಿದ ಜಾಗ ಇಷ್ಟನ್ನೂ ರೇಡಿಯೊ ಮೂಲಕ ಸಾರುತ್ತಿರಬೇಕು. ಯುರೋಪಿನಲ್ಲೂ ಇದೇ ಬಗೆಯ ವ್ಯವಸ್ಥೆ ಬಂದಿದೆ. ನಿಮ್ಮ ಹೆಸರು ಅದರಲ್ಲಿ ಇರುವುದಿಲ್ಲ, ಆದರೆ ಮೊಬೈಲಿನಲ್ಲಿ ತಕ್ಕ ಆ್ಯಪ್ ಇರುವ ಯಾರಿಗೂ ನೀವು ನಿಂತ ಜಾಗ ನಕ್ಷೆಯ ಮೇಲೆ ಕಾಣಬಹುದು.

ಒಂದು ಸಣ್ಣ ಹೊಂದಾಣಿಕೆಯ ಬಗ್ಗೆ ಹೇಳಲೇಬೇಕು. ‘ಮನೆಗೆ ಮರಳು’ ಗುಂಡಿ ಒತ್ತಿದಾಗ ಡ್ರೋನ್ ನೇರವಾಗಿ ಬರುವುದಿಲ್ಲ. ಮೊದಲೇ ನಿಗದಿಪಡಿಸಿದ ಎತ್ತರಕ್ಕಿಂತ ಕೆಳಗಿದ್ದರೆ ಆ ಎತ್ತರಕ್ಕೆ ಏರಿ ಆಮೇಲೆ ಹೊರಡುತ್ತದೆ. ‘ಕೆಳಗಿಳಿಸಿ’ ಎಂದು ಯಾರೋ ಕೂಗಿದ ಮರುಕ್ಷಣ ಅದು ಬಾಣದಂತೆ ಮೇಲೆ ಹೋದರೆ ನೋಡುವವರು ಏನೆಂದುಕೊಳ್ಳಬೇಕು? ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಹತ್ತು ಹದಿನೈದು ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ, ನೂರು ಮೀಟರ್ ಬೇಡ. ಜನ ಎದುರಿಗಿದ್ದರೆ ಕೈಯಾರೆ ಇಳಿಸುವುದು ಇನ್ನೂ ಒಳ್ಳೆಯದು.

ಸಿಟ್ಟಾದವರು ಎದುರು ಬಂದಾಗ

ಅವರು ಇನ್ನೂ ದೂರದಲ್ಲಿರುವಾಗಲೇ ಕ್ಯಾಮೆರಾವನ್ನು ಆಕಾಶದ ಕಡೆ ತಿರುಗಿಸಿ, ಡ್ರೋನನ್ನು ನಿಮ್ಮತ್ತ ತಿರುಗಿಸಿಕೊಳ್ಳಿ. ಹತ್ತಿರ ಬಂದ ಮೇಲೆ ಮೊದಲ ಮಾತು ಇದೇ ಆಗಿರಲಿ: “ಒಂದು ನಿಮಿಷ ಕೊಡಿ, ಇಳಿಸಿಬಿಟ್ಟು ಮಾತನಾಡುತ್ತೇನೆ.” ರಿಮೋಟ್ ಹಿಡಿದು, ಕಣ್ಣು ಮೇಲಿಟ್ಟು, ಬಾಯಲ್ಲಿ ಜಗಳವಾಡುವುದು ಡ್ರೋನಿಗೂ ಅಪಾಯ, ಮಾತಿಗೂ ಅಪಾಯ. ನಾನೂರು ಮೀಟರ್ ದೂರದಿಂದ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ತರಲು ನಲವತ್ತು ಸೆಕೆಂಡು, ನೂರು ಮೀಟರ್ ಎತ್ತರದಿಂದ ಸೆಕೆಂಡಿಗೆ ಮೂರು ಮೀಟರಿನಂತೆ ಇಳಿಸಲು ಇನ್ನೊಂದು ಅರ್ಧ ನಿಮಿಷ. ಒಂದೂವರೆ ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಅಷ್ಟರಲ್ಲಿ ಎದುರಿನವರ ಏರಿದ ಉಸಿರೂ ಒಂದಿಷ್ಟು ಇಳಿದಿರುತ್ತದೆ.

ಆಮೇಲೆ ಹೆಸರು ಹೇಳಿ, ಎಲ್ಲಿ ವಾಸ ಎಂದು ಹೇಳಿ. ಅವರ ಮಾತು ಮುಗಿಯುವವರೆಗೆ ಕಾಯಿರಿ. ಕಾಯುವುದು ಸುಲಭವಲ್ಲ, ಏಕೆಂದರೆ ಅವರು ಹೇಳುವುದರಲ್ಲಿ ಅರ್ಧ ತಪ್ಪೇ ಇರುತ್ತದೆ: ಎತ್ತರ ತಪ್ಪು, ಹೊತ್ತು ತಪ್ಪು, ‘ಅರ್ಧ ಗಂಟೆಯಿಂದ ನಮ್ಮ ಕಿಟಕಿಯಲ್ಲೇ ಇತ್ತು’ ಎಂಬುದಂತೂ ಎಷ್ಟೋ ಡ್ರೋನ್‌ಗಳ ಬ್ಯಾಟರಿಯ ಆಯುಷ್ಯಕ್ಕೇ ಮೀರಿದ್ದು. ಆ ತಪ್ಪುಗಳನ್ನು ತಿದ್ದಲು ಹೋಗಬೇಡಿ. ಬರಿಗಣ್ಣಿಗೆ ಆಕಾಶದಲ್ಲಿನ ಸಣ್ಣ ವಸ್ತುವಿನ ದೂರ ತಿಳಿಯುವುದಿಲ್ಲ. ಎದುರು ಮನೆಯಾಚೆಗಿನ ಡ್ರೋನ್ ತಮ್ಮ ನೆತ್ತಿಯ ಮೇಲಿದೆ ಎಂದೇ ಅನಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದಾರೆ.

ತೋರಿಸುವುದರಿಂದ ಆಗುವ ಕೆಲಸ ವಾದದಿಂದ ಆಗುವುದಿಲ್ಲ. ನನ್ನನ್ನು ಬಚ್ಚಿಟ್ಟುಕೊಂಡವನು ಎಂದ ಆ ತಮ್ಮನಿಗೆ ಕೊನೆಗೆ ನಾನು ಪರದೆಯನ್ನು ಅವನ ಕಡೆ ತಿರುಗಿಸಿ, ಆಗ ತಾನೇ ತೆಗೆದ ವಿಡಿಯೊ ಹಾಕಿದೆ. ಮೋಡ, ಮೋಡ, ಮತ್ತೆ ಮೋಡ, ತಿರುಗುವಾಗ ಒಂದು ಕ್ಷಣ ಅವರ ಮಹಡಿ. ಆ ಕ್ಷಣವನ್ನು ಹಾರಿಸಿಬಿಡುವ ಆಸೆಯಾಯಿತು, ಹಾರಿಸಲಿಲ್ಲ. ಅಲ್ಲೇ ನಿಲ್ಲಿಸಿದೆ. ಮೂಲೆಯಲ್ಲಿ ಬೆರಳ ಉಗುರಿನಷ್ಟು ಮಹಡಿ, ಅದರ ಮೇಲೆ ಕೆಂಪು ಚುಕ್ಕಿಯಂತೆ ಬಟ್ಟೆಯ ಬುಟ್ಟಿ. “ಇದೇನಾ ನಮ್ಮ ಮನೆ?” ಎಂದು ಅಕ್ಕ ಬಗ್ಗಿ ನೋಡಿದರು. “ಹೌದಮ್ಮಾ. ಇದನ್ನೂ ಅಳಿಸುತ್ತೇನೆ ನೋಡಿ” ಎಂದು ಅವರ ಎದುರೇ ಅಳಿಸಿದೆ.

ಅಳಿಸುವ ವಿಷಯದಲ್ಲಿ ಒಂದು ಎಚ್ಚರ. ನೆರೆಯವರು ಮಾತಿನಲ್ಲಿ ಕೇಳಿಕೊಂಡಾಗ ಅಳಿಸುವುದು ಸೌಜನ್ಯ. ಪೊಲೀಸರಿಗೆ ಆಗಲೇ ಫೋನ್ ಹೋಗಿದೆ ಎಂದು ಗೊತ್ತಾದ ಮೇಲೆ ಅಳಿಸಿದರೆ ಅದು ಸಾಕ್ಷ್ಯ ನಾಶದಂತೆ ಕಾಣುತ್ತದೆ, ನಿಮ್ಮ ಪರವಾದ ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. ಆಗ ಹೀಗೆ ಹೇಳಿ: “ಪೊಲೀಸರು ನೋಡಲಿ, ಅವರೆದುರೇ ನಿರ್ಧಾರವಾಗಲಿ.”

‘ಆಕಾಶ ನಿಮ್ಮಪ್ಪನದೇ?’ ಎಂಬ ವಾದಕ್ಕೆ ಮಾತ್ರ ಇಳಿಯಬೇಡಿ. ಅದು ಎಂಬತ್ತು ವರ್ಷದಿಂದಲೂ ಬಗೆಹರಿಯದ ವಾದ. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಕೋಳಿ ಸಾಕುವ ದಂಪತಿಯ ಪ್ರಕರಣವೊಂದು ಬಂತು. ಸೇನಾ ವಿಮಾನಗಳು ಅವರ ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸತ್ತವು. ಭೂಮಿಯ ಒಡೆತನ ಆಕಾಶದ ತುದಿಯವರೆಗೂ ಇದೆ ಎಂಬ ಹಳೆಯ ತತ್ತ್ವಕ್ಕೆ ಈ ಕಾಲದಲ್ಲಿ ಜಾಗವಿಲ್ಲ ಎಂದಿತು ನ್ಯಾಯಾಲಯ. ಆದರೆ ನೆಲದ ಬಳಕೆಗೆ ಅಗತ್ಯವಾದಷ್ಟು ಎತ್ತರ ಒಡೆಯನದೇ ಎಂದೂ ಹೇಳಿತು. ಆ ಎತ್ತರ ಎಷ್ಟು ಎಂಬ ಒಂದು ಸಂಖ್ಯೆಯನ್ನು ಮಾತ್ರ ಕೊಡಲಿಲ್ಲ. ದೊಡ್ಡ ನ್ಯಾಯಾಲಯವೇ ಗೆರೆ ಎಳೆಯದೆ ಬಿಟ್ಟದ್ದನ್ನು ನೀವು ಕಾಂಪೌಂಡಿನ ಪಕ್ಕ ನಿಂತು ಎಳೆಯಲಾರಿರಿ.

ಕಲ್ಲು ಎಸೆದರೆ, ಹೊಡೆದುರುಳಿಸುತ್ತೇನೆ ಎಂದರೆ ಡ್ರೋನನ್ನು ದೂರಕ್ಕೆ ಒಯ್ದು ಬೇರೆ ಕಡೆ ಇಳಿಸಿ. ಅಮೆರಿಕದಲ್ಲಿ ಡ್ರೋನೂ ವಿಮಾನವೇ, ಅದನ್ನು ಹೊಡೆದುರುಳಿಸುವುದು ಒಕ್ಕೂಟದ ಕಾನೂನಿನಲ್ಲಿ ಅಪರಾಧ. ಹಾಗಿದ್ದೂ 2015ರಲ್ಲಿ ಕೆಂಟಕಿಯಲ್ಲಿ ತನ್ನ ಹಿತ್ತಲಿನ ಮೇಲೆ ಬಂದ ಡ್ರೋನನ್ನು ಕೋವಿಯಿಂದ ಹೊಡೆದವನ ಮೇಲಿನ ಆರೋಪಗಳನ್ನು ಸ್ಥಳೀಯ ನ್ಯಾಯಾಧೀಶರು ವಜಾ ಮಾಡಿದರು. ಕಾನೂನು ಕಾಪಾಡುತ್ತದೆಂದು ನಂಬಿ ಯಂತ್ರವನ್ನು ಪಣಕ್ಕಿಡಬೇಡಿ.

ಅವರ ಆವರಣದೊಳಗೇ ಬಿದ್ದರೆ ಗೋಡೆ ಹಾರಬೇಡಿ. ಬಾಗಿಲಿಗೆ ಹೋಗಿ ಕೇಳಿ. ಅದಕ್ಕೂ ಮೊದಲು “ದಯವಿಟ್ಟು ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ” ಎಂದು ಹೇಳಿ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೊತ್ತಿಕೊಳ್ಳಬಹುದು. ಉಬ್ಬಿದ್ದರೆ ಮನೆಯೊಳಗೆ ತರಬೇಡಿ.

ಪೊಲೀಸರು ಬಂದರೆ

ಬಂದವರಿಗೆ ಡ್ರೋನ್ ನಿಯಮ ಪೂರ್ತಿ ಗೊತ್ತಿರಬೇಕೆಂದೇನಿಲ್ಲ. ಅವರ ತಲೆಯಲ್ಲಿರುವುದು ಒಂದು ಫೋನ್ ಕರೆ: ‘ಯಾರೋ ಮನೆಯೊಳಗೆ ಇಣುಕುತ್ತಿದ್ದಾರೆ.’ ಇಣುಕುವವನು ಓಡುತ್ತಾನೆ, ಅಡಗುತ್ತಾನೆ, ಯಂತ್ರವನ್ನು ಚೀಲಕ್ಕೆ ತುರುಕುತ್ತಾನೆ. ನೀವು ಇದ್ಯಾವುದನ್ನೂ ಮಾಡದೆ, ನಿಂತ ಜಾಗದಲ್ಲೇ ನಿಂತು, ದೂರದಿಂದಲೇ ಕೈಯೆತ್ತಿದರೆ ಅವರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

“ನಮಸ್ಕಾರ ಸರ್. ಡ್ರೋನ್ ನನ್ನದೇ. ಮೇಲಿದೆ, ಒಂದು ನಿಮಿಷದಲ್ಲಿ ಇಳಿಸುತ್ತೇನೆ.” ಕೂಡಲೇ ಇಳಿಸಿ ಎಂದರೆ ವಾದವಿಲ್ಲದೆ ಇಳಿಸಿ. ಬ್ರಿಟನ್ನಿನಲ್ಲಿ 2021ರ ಕಾಯ್ದೆಯೊಂದು ಪೊಲೀಸರಿಗೆ ಡ್ರೋನ್ ಇಳಿಸಲು ಆದೇಶಿಸುವ ಅಧಿಕಾರವನ್ನು ನೇರವಾಗಿಯೇ ಕೊಟ್ಟಿದೆ. ಅಧಿಕಾರ ಅಷ್ಟು ಸ್ಪಷ್ಟವಿಲ್ಲದ ಕಡೆಯೂ ಸ್ಥಳದಲ್ಲಿ ಪಾಲಿಸಿ, ತಕರಾರಿದ್ದರೆ ನಂತರ ಲಿಖಿತವಾಗಿ ಎತ್ತಿ. ಇಳಿಸಿ, ಮೋಟಾರು ನಿಲ್ಲಿಸಿ, ರಿಮೋಟನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಬನ್ನಿ. ಫೈಲು ಚೀಲದಲ್ಲಿದ್ದರೆ “ಚೀಲದಿಂದ ಕಾಗದ ತೆಗೆಯುತ್ತೇನೆ ಸರ್” ಎಂದು ಹೇಳಿಯೇ ಕೈ ಹಾಕಿ.

ಕೇಳಿದ್ದಕ್ಕೆ ಉತ್ತರಿಸಿ: ಹೆಸರು, ಏನು ಹಾರಿಸುತ್ತಿದ್ದೀರಿ, ಎಲ್ಲಿಂದ ಎಲ್ಲಿಗೆ. ಒಂದೇ ಹಾಳೆಯನ್ನು, ನೋಂದಣಿಯದು ಅಥವಾ ನಕ್ಷೆಯದು, ಮುಂದಿಡಿ. ನಿಯಮಪುಸ್ತಕ ತೆರೆದು ಕಲಂ ಸಂಖ್ಯೆ ಓದುವವರನ್ನು ನೋಡಿದ್ದೇನೆ. ಅದು ಕೆಲಸಕ್ಕೆ ಬಂದದ್ದನ್ನು ನೋಡಿಲ್ಲ. ಡ್ರೋನ್ ಎಲ್ಲಿ ಹಾರಬಹುದು ಎಂಬುದು ವಿಮಾನಯಾನ ಪ್ರಾಧಿಕಾರದ ವಿಷಯ. ಇಣುಕುವುದು, ಕಿರುಕುಳ, ಅತಿಕ್ರಮ ಪ್ರವೇಶ, ಅಜಾಗರೂಕತೆ ಇವು ಪೊಲೀಸರ ವಿಷಯ. ಅವರು ಬಂದಿರುವುದು ಎರಡನೆಯ ಪಟ್ಟಿಗಾಗಿ. ನೀವು ಮೊದಲನೆಯದರ ಕಾಗದವನ್ನೇ ಹಿಡಿದು ಗುದ್ದಾಡಿದರೆ ಇಬ್ಬರ ಮಾತೂ ಸಂಧಿಸುವುದಿಲ್ಲ. “ಯಾರ ಮನೆಯ ಚಿತ್ರವನ್ನೂ ತೆಗೆದಿಲ್ಲ ಸರ್, ಬೇಕಿದ್ದರೆ ಈಗಲೇ ತೋರಿಸುತ್ತೇನೆ” ಎಂಬುದು ಅವರ ಪ್ರಶ್ನೆಗೆ ಉತ್ತರ. ಅದು ನಿಜವಾಗಿದ್ದರೆ ಮಾತ್ರ ಹೇಳಿ.

ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ. ವಿಡಿಯೊವನ್ನು ನೀವೇ ಹಿಡಿದು ತೋರಿಸಬಹುದು. ಮೊಬೈಲ್ ಕೊಡಿ, ಕಾರ್ಡ್ ಕೊಡಿ ಎಂದಾಗ “ಇದು ಆದೇಶವೇ ಸರ್, ಅಥವಾ ಕೋರಿಕೆಯೇ?” ಎಂದು ತಗ್ಗಿದ ದನಿಯಲ್ಲಿ ಒಮ್ಮೆ ಕೇಳಿ. ಕೋರಿಕೆಯಾದರೆ ವಿನಯದಿಂದ ಬೇಡವೆನ್ನಬಹುದು. ಆದೇಶವಾದರೆ ತಡೆಯಬೇಡಿ, ಎಳೆದಾಡಬೇಡಿ. ಒಪ್ಪಿಗೆಯಿಂದ ಕೊಡುತ್ತಿಲ್ಲ, ಆದೇಶವಿರುವುದರಿಂದ ಕೊಡುತ್ತಿದ್ದೇನೆ ಎಂದು ಹೇಳಿ ಕೊಡಿ. ಜಪ್ತಿ ಮಾಡಿದರೆ ರಸೀದಿ ಕೇಳಿ, ಅದರಲ್ಲಿ ಡ್ರೋನಿನ ಕ್ರಮಸಂಖ್ಯೆ, ರಿಮೋಟ್, ಬ್ಯಾಟರಿಗಳು ಎಷ್ಟು, ಮೆಮೊರಿ ಕಾರ್ಡ್ ಇದೆಯೇ ಇಲ್ಲವೇ, ಇವೆಲ್ಲ ಬೇರೆ ಬೇರೆಯಾಗಿ ಬರುವಂತೆ ನೋಡಿಕೊಳ್ಳಿ. ‘ಡ್ರೋನ್ ಒಂದು’ ಎಂದಷ್ಟೇ ಬರೆದರೆ ಮರಳಿ ಬರುವಾಗ ಅಷ್ಟೇ ಬರಬಹುದು. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ವಾಹನದಲ್ಲಿ ಇಡಬೇಡಿ ಎಂಬ ಮಾತನ್ನೂ ಹೇಳಿ, ಅದು ಅವರ ಸುರಕ್ಷತೆಗೇ. ಠಾಣೆಗೆ ಬನ್ನಿ ಎಂದರೆ ಬಂಧನವೇ, ವಿಚಾರಣೆಯೇ ಎಂದು ಕೇಳಿ, ಮನೆಯವರಿಗೆ ತಿಳಿಸಿ. ಬಂಧನ ಎಂದರೆ ವಕೀಲರು ಬರುವವರೆಗೆ ಹೆಸರು ವಿಳಾಸದಾಚೆಗೆ ಮಾತು ಬೇಡ. ವಿವರಿಸಿದರೆ ಬಿಡುತ್ತಾರೆ ಎಂಬ ಭರವಸೆಯಿಂದ ಮಾತನಾಡುತ್ತ ಹೋದವರು, ಡ್ರೋನ್ ತಮ್ಮ ಕಣ್ಣಳತೆ ಮೀರಿ ಹೋಗಿತ್ತು ಎಂಬ ತಪ್ಪನ್ನು ಬಾಯಾರೆ ಒಪ್ಪಿಕೊಂಡು ಕೂರುತ್ತಾರೆ.

ನಿಜಕ್ಕೂ ತಪ್ಪಾಗಿದ್ದರೆ, ಉದಾಹರಣೆಗೆ ಫಲಕ ನೋಡದೆ ನಿಷೇಧಿತ ಉದ್ಯಾನದಲ್ಲಿ ಏರಿಸಿದ್ದರೆ, “ಗಮನಿಸಲಿಲ್ಲ ಸರ್, ಈಗಲೇ ಹೊರಡುತ್ತೇನೆ” ಎಂಬ ಒಂದು ವಾಕ್ಯ ಸಾಕು. ನನ್ನ ಎರಡು ಅನುಭವಗಳಲ್ಲಿ ಒಂದು ಹೀಗೆಯೇ ಮುಗಿಯಿತು. ಎಚ್ಚರಿಕೆ ಕೊಟ್ಟ ಅಧಿಕಾರಿ ಹೊರಡುವ ಮುನ್ನ ಇದು ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರು. ಕಂಪನಿ ಹೇಳುವ ದೂರ ಮತ್ತು ನಾನು ಕಳಿಸುವ ದೂರ ಎರಡನ್ನೂ ಹೇಳಿದೆ.

ಮನೆಗೆ ಮರಳಿದ ಮೇಲೆ

ಅಂದೇ ಕುಳಿತು ಬರೆದಿಡಿ: ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಹೇಳಿದರು, ಅಧಿಕಾರಿಯ ಹೆಸರು ಮತ್ತು ಠಾಣೆ. ಹಾರಾಟದ ದಾಖಲೆಯನ್ನು ಆ್ಯಪ್‌ನಿಂದ ಹೊರತೆಗೆದು ಬೇರೆ ಕಡೆ ಉಳಿಸಿ. ಏರಿದ ಹೊತ್ತು, ಇಳಿದ ಹೊತ್ತು, ಹೋದ ದಾರಿ, ಎತ್ತರ ಎಲ್ಲವೂ ಅದರಲ್ಲಿರುತ್ತದೆ. ಅದರಲ್ಲಿನ ಎತ್ತರ ಏರಿಸಿದ ಜಾಗದಿಂದ ಅಳೆದದ್ದು, ಕೆಳಗಿನ ನೆಲದಿಂದಲ್ಲ. ಗುಡ್ಡದ ಮೇಲಿನ ಮನೆಗಳ ಕಡೆ ಹೋದಾಗ ದಾಖಲೆಯಲ್ಲಿ ಎಂಬತ್ತು ಮೀಟರ್ ಇದ್ದರೂ ಆ ಮನೆಗಳ ಚಾವಣಿಯಿಂದ ಇಪ್ಪತ್ತೇ ಮೀಟರ್ ಇದ್ದಿರಬಹುದು. ದಾಖಲೆಯನ್ನು ಹೆಮ್ಮೆಯಿಂದ ಮುಂದಿಡುವ ಮೊದಲು ಇದನ್ನು ನೋಡಿಕೊಳ್ಳಿ.

ಹಾರಿಸದ ದಿನದ ದೂರೂ ಬರುತ್ತದೆ. ಊರಿನಲ್ಲಿ ಡ್ರೋನ್ ಇರುವವರು ನೀವೊಬ್ಬರೇ ಎಂದಾದ ಮೇಲೆ ಆಕಾಶದಲ್ಲಿ ಮಿನುಗಿದ್ದೆಲ್ಲ ನಿಮ್ಮದೇ. 2024ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಡ್ರೋನ್ ಕಂಡವೆಂಬ ಸಾವಿರಾರು ವರದಿಗಳು ಬಂದಾಗ, ಅವುಗಳಲ್ಲಿ ವಿಮಾನಗಳೂ ಹೆಲಿಕಾಪ್ಟರುಗಳೂ ನಕ್ಷತ್ರಗಳೂ ಸೇರಿದ್ದವು. ಇದಕ್ಕಿಂತ ಕಹಿಯಾದದ್ದು 2018ರ ಡಿಸೆಂಬರಿನ, ಲಂಡನ್ ಬಳಿಯ ಗ್ಯಾಟ್‌ವಿಕ್. ಡ್ರೋನ್ ಕಂಡಿತೆಂಬ ವರದಿಗಳಿಂದ ಆ ವಿಮಾನ ನಿಲ್ದಾಣದ ಸುಮಾರು ಸಾವಿರ ಹಾರಾಟಗಳು ಅಸ್ತವ್ಯಸ್ತವಾದಾಗ, ಹತ್ತಿರದ ಊರಿನ ದಂಪತಿಯನ್ನು ಪೊಲೀಸರು ಬಂಧಿಸಿದರು. ಅವರ ಹೆಸರು, ಮುಖ ಪತ್ರಿಕೆಗಳಲ್ಲಿ ಬಂದವು. ಸುಮಾರು ಒಂದೂವರೆ ದಿನದ ನಂತರ ಆರೋಪವಿಲ್ಲದೆ ಬಿಡುಗಡೆ. 2020ರಲ್ಲಿ ಪೊಲೀಸರು ಪರಿಹಾರ ಮತ್ತು ವೆಚ್ಚವೆಂದು ಎರಡು ಲಕ್ಷ ಪೌಂಡ್ ಕೊಟ್ಟು ಪ್ರಕರಣ ಮುಗಿಸಿಕೊಂಡರು. ಆ ಮನುಷ್ಯ ಆ ದಿನಗಳಲ್ಲಿ ಕೆಲಸದಲ್ಲಿದ್ದ ಎಂದು ಅವನ ಮಾಲೀಕನೇ ಹೇಳಬೇಕಾಗಿ ಬಂತು.

ಹಾಗಾಗಿ ಹಾರಾಟದ ದಾಖಲೆಗಳನ್ನು ತಿಂಗಳ ಪ್ರಕಾರ ಇಟ್ಟುಕೊಳ್ಳಿ. ದೂರು ಬಂದ ದಿನ ದಾಖಲೆಯಲ್ಲಿ ಏನೂ ಇಲ್ಲ ಎಂಬುದಕ್ಕೆ ಬೆಲೆ ಬರುವುದು, ಉಳಿದ ದಿನಗಳ ದಾಖಲೆ ಒಂದೂ ಬಿಡದೆ ಇದ್ದಾಗ. ಅದೇ ನೆರೆಯವರಿಂದ ಮತ್ತೆ ಮತ್ತೆ ದೂರು ಬಂದರೆ ನೀವೇ ಮೊದಲು ಠಾಣೆಗೆ ಹೋಗಿ, ಶಾಂತವಾದ ಒಂದು ದಿನ, ಫೈಲು ಹಿಡಿದು. ನಾನು ಇಂಥವನು, ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ ಹಾರಿಸುತ್ತೇನೆ ಎಂದು ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಸಲ ಕರೆ ಹೋದಾಗ, ಅದನ್ನು ಎತ್ತಿಕೊಂಡವರಿಗೆ ನಿಮ್ಮ ಹೆಸರು ಆಗಲೇ ಗೊತ್ತಿರುತ್ತದೆ.